ಪಾಲಿಹೌಸಿನಲ್ಲಿ ಇಂಗಾಲದ ಡೈಆಕ್ಸೈಡ್ ಮಾಪಕ: ಒಂದು ಬೆಳೆಯ ಅವಧಿಯ ಬಳಕೆಯ ನಂತರ

ಚಿಕ್ಕಬಳ್ಳಾಪುರದ ಸಮೀಪ ನಮಗೆ ಕಾಲು ಎಕರೆಯ ಪಾಲಿಹೌಸ್ ಇದ್ದು, ಅದರಲ್ಲಿ ದಪ್ಪ ಮೆಣಸಿನಕಾಯಿ ಬೆಳೆಯುತ್ತೇವೆ. ಕಳೆದ ವರ್ಷ ಉಪಕರಣ ಮಾರುವವರೊಬ್ಬರು ಬಂದು, ಒಳಗಿನ ಗಾಳಿಗೆ ಇಂಗಾಲದ ಡೈಆಕ್ಸೈಡ್ ಬಿಟ್ಟರೆ ಇಳುವರಿ ಬಹಳ ಹೆಚ್ಚುತ್ತದೆ ಎಂದು ಹೇಳಿ, ಸಿಲಿಂಡರು ಮತ್ತು ಕೊಳವೆಗಳ ದರಪಟ್ಟಿ ಕೊಟ್ಟು ಹೋದರು. ಆ ಮಾತು ಸುಳ್ಳಲ್ಲ. ನೆದರ್ಲೆಂಡ್ಸಿನ ಗಾಜಿನ ಮನೆಗಳಲ್ಲಿ ಬಹಳ ಕಾಲದಿಂದ ಹೀಗೆಯೇ ಬೆಳೆಯುತ್ತಿದ್ದಾರೆ. ಆದರೆ ಅಷ್ಟು ಹಣ ಹೂಡುವ ಮೊದಲು ನಮ್ಮ ಗಾಳಿಯಲ್ಲಿ ನಿಜಕ್ಕೂ ಕೊರತೆ ಇದೆಯೇ ಎಂದು ತಿಳಿಯಬೇಕೆನಿಸಿ, ಸುಮಾರು 6,000 ರೂಪಾಯಿಗೆ ಕೈಯಲ್ಲಿ ಹಿಡಿಯುವ ಮಾಪಕವೊಂದನ್ನು ತರಿಸಿಕೊಂಡೆ.

ಇದು ಅವಗೆಂಪು ಬೆಳಕನ್ನು ಗಾಳಿಯ ಮೂಲಕ ಹಾಯಿಸಿ, ಇಂಗಾಲದ ಡೈಆಕ್ಸೈಡ್ ಎಷ್ಟು ಬೆಳಕನ್ನು ಹೀರಿತು ಎಂಬುದರಿಂದ ಪ್ರಮಾಣ ಹೇಳುವ ಉಪಕರಣ. ಮೊದಲ ದಿನ ಬಯಲಿನಲ್ಲಿ ಹಿಡಿದಾಗ 380 ಪಿಪಿಎಂ (ಅಂದರೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 380 ಭಾಗ) ತೋರಿಸಿತು. ಜಗತ್ತಿನ ಗಾಳಿ 2015ರಲ್ಲೇ 400ನ್ನು ಮುಟ್ಟಿ ಈಗ 420ನ್ನು ದಾಟಿರುವಾಗ ಇದು ಸಾಧ್ಯವಿರಲಿಲ್ಲ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಇಲ್ಲಿ ಕಡಿಮೆ ಇರುವುದರಿಂದ, ಎತ್ತರವನ್ನು ಸೆಟ್ಟಿಂಗಿನಲ್ಲಿ ತುಂಬದಿದ್ದರೆ ಓದು ಶೇ 10ರಷ್ಟು ತಗ್ಗುತ್ತದೆ. ಕೈಪಿಡಿಯ ಕೊನೆಯ ಪುಟದ ಒಂದು ಸಾಲಿನಲ್ಲಿ ಇದಕ್ಕೆ ಪರಿಹಾರವಿತ್ತು.

ಇದಕ್ಕಿಂತ ದೊಡ್ಡ ತೊಂದರೆ ಹತ್ತು ದಿನಗಳ ನಂತರ ತಿಳಿಯಿತು. ಇಂಥ ಮಾಪಕಗಳನ್ನು ಬಹುಮಟ್ಟಿಗೆ ಕಚೇರಿ ಮತ್ತು ಶಾಲಾ ಕೊಠಡಿಗಳಿಗಾಗಿ ಮಾಡಿರುತ್ತಾರೆ. ಕೆಲವು ದಿನಗಳಲ್ಲಿ ಕಂಡ ಅತಿ ಕಡಿಮೆ ಓದನ್ನು ಹೊರಗಿನ ಶುದ್ಧ ಗಾಳಿಯೆಂದು ತಿಳಿದು, ಉಪಕರಣ ಅದನ್ನು ತಾನೇ 400ಕ್ಕೆ ಹೊಂದಿಸಿಕೊಳ್ಳುತ್ತದೆ. ಪಾಲಿಹೌಸಿನಲ್ಲಾದರೋ ಗಿಡಗಳು ಹೊರಗಿನ ಮಟ್ಟಕ್ಕಿಂತಲೂ ಕೆಳಗೆ ಎಳೆಯುತ್ತವೆ. ಆ ತಗ್ಗನ್ನೇ 400 ಎಂದು ಅದು ನಂಬಿದ್ದರಿಂದ ಬಯಲಿನ ಗಾಳಿ 490 ಎಂದು ಕಾಣತೊಡಗಿತು. ಸ್ವಯಂ ಹೊಂದಾಣಿಕೆಯನ್ನು ನಿಲ್ಲಿಸುವ ಸೌಲಭ್ಯವಿಲ್ಲದ ಮಾಪಕವನ್ನು ರೈತರು ಕೊಳ್ಳಲೇಬಾರದು. ಓದುವಾಗ ಮುಖದಿಂದ ದೂರ ಹಿಡಿಯುವುದೂ ಅಗತ್ಯ, ಏಕೆಂದರೆ ನಾವು ಬಿಡುವ ಉಸಿರಿನಲ್ಲಿ ಈ ಅನಿಲ 40,000 ಪಿಪಿಎಂನಷ್ಟಿರುತ್ತದೆ.

ಸರಿಪಡಿಸಿದ ಮೇಲೆ ಸಿಕ್ಕ ಮಾಹಿತಿಗೆ ಕೊಟ್ಟ ಬೆಲೆ ಸಾರ್ಥಕವೆನಿಸಿತು. ಪಕ್ಕದ ಪರದೆ ಇಳಿಬಿಟ್ಟ ರಾತ್ರಿ ಕಳೆದು ಬೆಳಗಿನ ಜಾವಕ್ಕೆ, ಕೊಟ್ಟಿಗೆ ಗೊಬ್ಬರ ಹಾಕಿದ ಮಣ್ಣು ಮತ್ತು ಗಿಡಗಳ ಉಸಿರಾಟದಿಂದ ಒಳಗೆ 600ರವರೆಗೆ ಏರಿರುತ್ತಿತ್ತು. ಬಿಸಿಲು ಬಿದ್ದ ಒಂದೂವರೆ ಗಂಟೆಯಲ್ಲಿ ಗಿಡಗಳು ಅದನ್ನೆಲ್ಲ ತಿಂದು 330ಕ್ಕೆ ಇಳಿಸುತ್ತಿದ್ದವು. ಪರದೆ ಸುತ್ತಿ ಮೇಲೆತ್ತಿದ ಕೆಲವೇ ನಿಮಿಷಗಳಲ್ಲಿ 410 ದಾಟುತ್ತಿತ್ತು. ಅಂದರೆ ಕೊರತೆ ನಿಜ, ಆದರೆ ಪರದೆಯನ್ನು ಬೇಗ ಎತ್ತಿದರೆ ಅದು ಖರ್ಚಿಲ್ಲದೆ ನೀಗುತ್ತದೆ. ಸಿಲಿಂಡರಿನ ಅನಿಲ ಒಳಗೇ ಉಳಿಯಬೇಕಾದರೆ ಪರದೆ ಮುಚ್ಚಿರಬೇಕು. ಮುಚ್ಚಿದರೆ ನಮ್ಮ ಬಿಸಿಲಿಗೆ ಒಳಗಿನ ಶಾಖ ತಡೆಯಲಾಗದು. ಇಂಗಾಲದ ಡೈಆಕ್ಸೈಡ್ ಹೆಚ್ಚಾದಾಗ ಎಲೆಯ ಪತ್ರರಂಧ್ರಗಳು, ಅಂದರೆ ಗಾಳಿ ಮತ್ತು ನೀರಾವಿ ಹಾಯುವ ಸಣ್ಣ ತೂತುಗಳು, ಕಿರಿದಾಗಿ ನೀರು ಉಳಿಯುತ್ತದೆ ನಿಜ, ಆದರೆ ಬೆವರದ ಎಲೆ ಇನ್ನಷ್ಟು ಬಿಸಿಯಾಗುತ್ತದೆ. 32 ಡಿಗ್ರಿ ದಾಟಿದ ಮಧ್ಯಾಹ್ನಗಳಲ್ಲಿ ಮೆಣಸಿನ ಹೂ ಉದುರುವುದನ್ನು ಯಾವ ಅನಿಲವೂ ನಿಲ್ಲಿಸಲಾರದು.

ಮಾಪಕವನ್ನು ಹೊರಗಿನ ರಾಗಿ ಹೊಲಕ್ಕೂ ಒಯ್ದೆ. ನಮ್ಮಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಾಗಿ ಅವರೆ ಹಾಕುತ್ತೇವೆ. ಎರಡೂ ಒಂದೇ ಗಾಳಿ ಸೇವಿಸಿದರೂ ಅವುಗಳ ಪ್ರತಿಕ್ರಿಯೆ ಒಂದೇ ಅಲ್ಲ. ರಾಗಿ, ಜೋಳ, ಕಬ್ಬುಗಳು ಎಲೆಯೊಳಗೇ ಈ ಅನಿಲವನ್ನು ಸಾಂದ್ರಗೊಳಿಸಿಕೊಳ್ಳುವ ಸಿ4 ಬೆಳೆಗಳಾದ್ದರಿಂದ, ಗಾಳಿಯಲ್ಲಿ ಅದು ಹೆಚ್ಚಿದರೂ ಮಳೆ ಕೈಕೊಟ್ಟ ದಿನಗಳ ನೀರಿನ ಉಳಿತಾಯದ ಹೊರತು ಅವಕ್ಕೆ ಲಾಭ ಅಲ್ಪ. ಹಾಗೆ ಸಾಂದ್ರಗೊಳಿಸಿಕೊಳ್ಳಲಾರದ ಅವರೆ, ಭತ್ತ, ಗೋಧಿ, ಮೆಣಸಿನಕಾಯಿಗಳಂಥ ಸಿ3 ಬೆಳೆಗಳು ಹೆಚ್ಚು ಸ್ಪಂದಿಸುತ್ತವೆ. ಆದರೂ ಬಯಲಿನಲ್ಲಿ ಉಂಗುರಾಕಾರದ ಕೊಳವೆಗಳಿಂದ ಅನಿಲ ಬಿಟ್ಟು ನಡೆಸಿದ ಪ್ರಯೋಗಗಳಲ್ಲಿ, ಭತ್ತ, ಗೋಧಿ, ಸೋಯಾ ಅವರೆಗಳ ಇಳುವರಿಯ ಹೆಚ್ಚಳ ಮುಚ್ಚಿದ ಕೋಣೆಗಳಲ್ಲಿ ಕಂಡದ್ದರ ಅರ್ಧದಷ್ಟೇ ಇತ್ತು. ಇಂಥ ಪ್ರಯೋಗಗಳ ಧಾನ್ಯವನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸುಮಾರು 550 ಪಿಪಿಎಂನಲ್ಲಿ ಬೆಳೆದ ಗೋಧಿಯಲ್ಲಿ ಸತು ಶೇ 9ರಷ್ಟು, ಕಬ್ಬಿಣ ಶೇ 5ರಷ್ಟು ಕಡಿಮೆಯಾಗಿತ್ತು. ತೂಕ ಹೆಚ್ಚಿ ಸತ್ವ ಇಳಿಯುವ ಈ ಬದಲಾವಣೆಯನ್ನು ನನ್ನ ಮಾಪಕವಾಗಲಿ ಮಂಡಿಯ ತಕ್ಕಡಿಯಾಗಲಿ ತೋರಿಸುವುದಿಲ್ಲ. ನನಗೆ ಹೆಚ್ಚು ಕಳವಳ ತರುವುದು ಇದೇ.

ಬ್ಯಾಟರಿ ಒಂದು ದಿನ ಬಾಳುತ್ತದೆ. ಮುಂಜಾವದ ತೇವಕ್ಕೆ ಸಂವೇದಕದ ಮೇಲೆ ನೀರು ಕಟ್ಟಿ ಓದು ಅಡ್ಡಾದಿಡ್ಡಿಯಾಗುವುದರಿಂದ ರಾತ್ರಿ ಮನೆಗೆ ತರಬೇಕು. ಕೈಪಿಡಿ ಕನ್ನಡದಲ್ಲಿಲ್ಲದಿರುವುದು ದೊಡ್ಡ ಕೊರತೆ. ಬಯಲಿನಲ್ಲಿ ಮಾತ್ರ ಬೇಸಾಯ ಮಾಡುವವರಿಗೆ ಇದರ ಅಗತ್ಯವಿಲ್ಲ. ಪಾಲಿಹೌಸ್ ಇರುವ ನಾಲ್ಕೈದು ಮಂದಿ ಸೇರಿ ಒಂದನ್ನು ಕೊಂಡು, ತಲಾ ಎರಡು ವಾರ ಬಳಸಿದರೆ ಪರದೆ ಎತ್ತುವ ಹೊತ್ತು ಗೊತ್ತಾಗಲು ಅದು ಸಾಕು. ಸಿಲಿಂಡರಿಗೆಂದು ಎತ್ತಿಟ್ಟಿದ್ದ ಹಣದಲ್ಲಿ ನಾವು ಈ ಬೇಸಿಗೆಗೆ ನೆರಳು ಪರದೆ ಹಾಕಿಸಿದ್ದೇವೆ.