ಹರಿಹರದ ಸುತ್ತು, ಹಿರಿಯೂರಿನ ಸುತ್ತು: ನಿಧಾನದ ಸೈಕಲ್ ಸವಾರಿಗೆ ಎರಡು ನದಿದಂಡೆಗಳು

ಐವತ್ತೆಂಟು ವರ್ಷದ ನನ್ನ ಅಕ್ಕ ಮೂವತ್ತು ವರ್ಷಗಳ ನಂತರ ಮತ್ತೆ ಸೈಕಲ್ ಹತ್ತಿದಾಗ, ಅವಳನ್ನು ಕರೆದುಕೊಂಡು ಹೋಗಲು ತಕ್ಕ ದಾರಿಯೊಂದನ್ನು ನಾನು ಹುಡುಕಬೇಕಾಯಿತು. ದಾರಿಯಲ್ಲಿ ಏರು ಕಡಿಮೆ ಇರಬೇಕು, ಲಾರಿಗಳ ಕಾಟ ಇರಬಾರದು, ನದಿಯೂ ಹಳೆಯ ಕಾಲದ ಕಟ್ಟಡವೂ ಸಿಗಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಹೋದ ದಾರಿಯಲ್ಲೇ ಹಿಂದಿರುಗುವಂತಾಗಬಾರದು ಎಂಬುದು ನಮ್ಮ ಅಪೇಕ್ಷೆಯಾಗಿತ್ತು. ಚಿತ್ರದುರ್ಗದಲ್ಲಿರುವ ನಮಗೆ ವೇದಾವತಿಯ ದಂಡೆಯ ಹಿರಿಯೂರು ಹತ್ತಿರ, ತುಂಗಭದ್ರೆಯ ದಂಡೆಯ ಹರಿಹರ ದೂರ. ಎರಡೂ ಕಡೆ ಬೇರೆ ಬೇರೆ ಋತುಗಳಲ್ಲಿ ಮೂರು ಮೂರು ಬಾರಿ ಸುತ್ತಿದ ಮೇಲೆ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ. ದಾವಣಗೆರೆಯಿಂದ ಬಾತಿ, ಕೊಂಡಜ್ಜಿ ಕೆರೆಗಳ ಮೇಲೆ ಹೋಗಿಬರುವ ಮೂರನೆಯ ದಾರಿಯನ್ನೂ ಒಮ್ಮೆ ನೋಡಿದೆವು. ಕೊಂಡಜ್ಜಿ ಕೆರೆಯ ಏರಿ ಸೊಗಸಾಗಿದೆ, ಆದರೆ ನಗರದಿಂದ ಹೊರಬೀಳುವಾಗಿನ ವಾಹನ ದಟ್ಟಣೆಗೆ ಅಕ್ಕ ಅಂಜಿದ್ದರಿಂದ ಅದನ್ನು ಅಲ್ಲಿಗೇ ಬಿಟ್ಟೆವು.

ಹರಿಹರದ ಸುತ್ತು ಹರಿಹರೇಶ್ವರ ದೇವಾಲಯದ ಮುಂದೆ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಈ ದೇವಾಲಯದಲ್ಲಿ ಅರ್ಧ ಶಿವ, ಅರ್ಧ ವಿಷ್ಣುವಾಗಿ ನಿಂತ ಮೂರ್ತಿಯಿದೆ. ಆವರಣದಲ್ಲಿ ನಿಲ್ಲಿಸಿರುವ ಎತ್ತರದ ಶಾಸನ ಕಲ್ಲುಗಳ ನಡುವೆ ಬೆಳಗಿನ ಓರೆ ಬಿಸಿಲು ಬೀಳುವಾಗ ಅಕ್ಷರಗಳು ಎದ್ದು ಕಾಣುತ್ತವೆ, ನಡು ಹಗಲಿನಲ್ಲಿ ಹಾಗೆ ಕಾಣುವುದಿಲ್ಲ. ಆದ್ದರಿಂದ ದೇವಾಲಯವನ್ನು ಮೊದಲು ನೋಡಿಯೇ ಸೈಕಲ್ ಹತ್ತುವುದು ಒಳ್ಳೆಯದು. ಸೂಳೆಕೆರೆಯಿಂದ ಹರಿದುಬರುವ ಹರಿದ್ರಾ ಹಳ್ಳವು ತುಂಗಭದ್ರೆಯನ್ನು ಕೂಡುವುದು ಈ ಊರಿನಲ್ಲಿಯೇ. ಊರಿಗೆ ಕೂಡಲೂರು ಎಂಬ ಹಳೆಯ ಹೆಸರಿರುವುದೂ ಈ ಕಾರಣದಿಂದಲೇ.

ಅಲ್ಲಿಂದ ನದಿಯ ಹರಿವಿಗೆ ಎದುರಾಗಿ ರಾಜನಹಳ್ಳಿಯವರೆಗೆ ಹೋಗುತ್ತೇವೆ. ವಾಲ್ಮೀಕಿ ಗುರುಪೀಠವಿರುವ ರಾಜನಹಳ್ಳಿಯಿಂದಲೇ ದಾವಣಗೆರೆ ನಗರಕ್ಕೆ ಕುಡಿಯುವ ನೀರು ಹೋಗುತ್ತದೆ. ಮರಳುವಾಗ ಹೊಳೆಯನ್ನು ಬಿಟ್ಟು ಒಳರಸ್ತೆಗೆ ತಿರುಗಿ, ಭದ್ರಾ ಅಚ್ಚುಕಟ್ಟಿನ ಗದ್ದೆಗಳ ನಡುವೆ ಹಾದು, ಹನಗವಾಡಿಯ ಕಡೆಯಿಂದ ಊರು ಸೇರುತ್ತೇವೆ. ಒಟ್ಟು ಸುಮಾರು ಇಪ್ಪತ್ತು ಕಿಲೋಮೀಟರ್. ಹೇಳಿಕೊಳ್ಳುವಂಥ ಏರು ಒಂದೂ ಇಲ್ಲ.

ಈ ಸುತ್ತಿನ ನಿಜವಾದ ಸ್ವಾರಸ್ಯ ನನಗೆ ತಿಳಿದದ್ದು ಎರಡನೆಯ ಸಲ, ಕಾಲುವೆಯ ತೂಬಿನ ಬಳಿ ನೀರು ಕುಡಿಯಲು ನಿಂತಾಗ. ಲಕ್ಕವಳ್ಳಿಯ ಅಣೆಕಟ್ಟೆಯಲ್ಲಿ ಭದ್ರೆಯ ನೀರು ಎರಡು ದಾರಿ ಹಿಡಿಯುತ್ತದೆ: ಒಂದು ಪಾಲು ಹೊಳೆಯಾಗಿಯೇ ಹರಿದು ಕೂಡಲಿಯಲ್ಲಿ ತುಂಗೆಯನ್ನು ಸೇರಿ ಹರಿಹರದ ಸೋಪಾನಗಳ ಮುಂದೆ ಸಾಗುತ್ತದೆ, ಇನ್ನೊಂದು ಪಾಲು ಬಲದಂಡೆ ಕಾಲುವೆಯಾಗಿ ಮಲೇಬೆನ್ನೂರಿನ ಕಡೆಯಿಂದ ಬಂದು ಈ ಗದ್ದೆಗಳಿಗೆ ಉಣಿಸಿ, ಉಳಿದದ್ದು ಹಳ್ಳಗಳ ಮೂಲಕ ಮತ್ತೆ ಅದೇ ಹೊಳೆಗೆ ಬೀಳುತ್ತದೆ. ನಾವು ಹೋಗುವಾಗ ಕಂಡದ್ದೂ ಬರುವಾಗ ಕಂಡದ್ದೂ ಒಂದೇ ನೀರು. ತೂಬಿನ ಬಳಿಯಿದ್ದ ಹಿರಿಯ ರೈತರೊಬ್ಬರು, “ನೋಡ್ರಮ್ಮ, ಇದು ಕೊನೇ ಭಾಗ, ಮೇಲಿನೋರು ಬಿಟ್ರೆ ನಮಗೆ ನೀರು” ಎಂದು ಅಕ್ಕನಿಗೆ ಹೇಳಿದರು. ಅಚ್ಚುಕಟ್ಟಿನ ಕೊನೆಯಲ್ಲಿರುವವರ ಈ ಚಿಂತೆ ಹಳೆಯದು, ಪ್ರತಿ ಬೇಸಿಗೆ ಬೆಳೆಯಲ್ಲೂ ಮರುಕಳಿಸುವಂಥದು. ಪ್ರವಾಸಿಯಾಗಿ ಹಸಿರನ್ನಷ್ಟೇ ನೋಡಿ ಹೋಗುತ್ತಿದ್ದ ನನಗೆ, ಆ ಹಸಿರು ಎಷ್ಟು ದಿನದ ಕಾವಲಿನಿಂದ ಉಳಿದಿದೆ ಎಂಬುದು ಅಲ್ಲಿ ಅರ್ಥವಾಯಿತು.

ಹಿರಿಯೂರಿನ ಸುತ್ತಿನ ಗುಣವೇ ಬೇರೆ. ವೇದಾವತಿಯ ದಂಡೆಯ ತೇರುಮಲ್ಲೇಶ್ವರ ದೇವಾಲಯದಿಂದ ಹೊರಟು, ಒಂದು ಕಡೆಯ ರಸ್ತೆಯಲ್ಲಿ ವಾಣಿವಿಲಾಸ ಸಾಗರಕ್ಕೆ ಹೋಗಿ, ಇನ್ನೊಂದು ಕಡೆಯ ಹಳ್ಳಿಗಳ ಮೂಲಕ ಮರಳಿದರೆ ಸುಮಾರು ನಲವತ್ತು ಕಿಲೋಮೀಟರ್ ಆಗುತ್ತದೆ. ದೂರ ಇಮ್ಮಡಿಯಷ್ಟೆ, ದಣಿವು ಮಾತ್ರ ಅದಕ್ಕೂ ಹೆಚ್ಚು. ಆದರೆ ಕೊನೆಯಲ್ಲಿ ಕಾಣುವ ನೋಟ ಹರಿಹರದಲ್ಲಿ ಸಿಗುವಂಥದಲ್ಲ. ಮಾರಿಕಣಿವೆಯ ಎರಡು ಗುಡ್ಡಗಳ ನಡುವಿನ ಕಿರಿದಾದ ಸಂದನ್ನು ಮುಚ್ಚಿ 1907ರಲ್ಲಿ ಮುಗಿಸಿದ ಕಲ್ಲಿನ ಕಟ್ಟೆಯನ್ನು ಕೆಳಗಿನಿಂದ ತಲೆಯೆತ್ತಿ ನೋಡುವಾಗ, ಇಷ್ಟು ಚಿಕ್ಕ ನದಿಗೆ ಇಷ್ಟು ದೊಡ್ಡ ಜಲಾಶಯವನ್ನು ಕಲ್ಪಿಸಿದವರ ಧೈರ್ಯಕ್ಕೆ ಮನಸ್ಸು ಬಾಗುತ್ತದೆ. 1933ರಲ್ಲಿ ಕೋಡಿ ಬಿದ್ದಿದ್ದ ಈ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷಗಳು ಕಳೆದಿದ್ದವು. ಈಗ ಭದ್ರಾ ಮೇಲ್ದಂಡೆ ಯೋಜನೆಯಿಂದ ಇಲ್ಲಿಗೂ ಭದ್ರೆಯ ನೀರು ಬರುತ್ತಿರುವುದರಿಂದ, ಎರಡೂ ಸುತ್ತುಗಳಲ್ಲಿ ನಾವು ಒಂದೇ ನದಿಯ ಜೊತೆಗಿದ್ದೆವೆನ್ನಬಹುದು.

ಆದರೂ ನದಿದಂಡೆಯ ಸವಾರಿ ಎಂಬ ಮಾತಿಗೆ ಹಿರಿಯೂರು ಪೂರ್ತಿಯಾಗಿ ಸಲ್ಲುವುದಿಲ್ಲ. ಕಟ್ಟೆಯ ಕೆಳಗೆ ವೇದಾವತಿಯ ಪಾತ್ರದಲ್ಲಿ ಎರಡು ಸಲ ನಾವು ಕಂಡದ್ದು ಮರಳು ಮತ್ತು ಗಿಡಗಂಟಿ. ತೆಂಗು ಅಡಿಕೆಯ ತೋಟಗಳಿಗೆ ಜೀವ ಕೊಡುವ ನೀರು ಕಾಲುವೆಯಲ್ಲಿತ್ತು. ಮಣ್ಣಿನ ಏರಿಯ ಮೇಲೆ ಬಳ್ಳಾರಿ ಜಾಲಿಯ ಮುಳ್ಳು ವಿಪರೀತ. ಒಂದೇ ಬೆಳಗಿನಲ್ಲಿ ನನ್ನ ಸೈಕಲ್ ಎರಡು ಬಾರಿ, ಅಕ್ಕನದು ಒಂದು ಬಾರಿ ಪಂಕ್ಚರ್ ಆಯಿತು. ಹರಿಹರದ ಮೂರು ಸವಾರಿಗಳಲ್ಲಿ ಒಮ್ಮೆಯೂ ಪಂಪು ಹೊರತೆಗೆಯಲಿಲ್ಲ. ಆಷಾಢದಲ್ಲಿ ಪಡುವಣ ಗಾಳಿ ಜಲಾಶಯಕ್ಕೆ ಹೋಗುವಾಗ ಎದೆಗೆ ಹೊಡೆಯುತ್ತದೆ, ಮರಳುವಾಗ ಬೆನ್ನಿಗೆ ನಿಲ್ಲುತ್ತದೆ. ಗೇರ್ ಇಲ್ಲದ ಸೈಕಲ್ ಇದ್ದವರು ಆ ತಿಂಗಳಲ್ಲಿ ಹೋಗದಿರುವುದು ಲೇಸು.

ಹರಿಹರದಲ್ಲಿಯೂ ತೊಡಕಿಲ್ಲದಿಲ್ಲ. ಕಟಾವಿನ ಕಾಲದಲ್ಲಿ ಒಳರಸ್ತೆಯ ಅರ್ಧ ಭಾಗದಲ್ಲಿ ಭತ್ತ ಹರಡಿರುತ್ತಾರೆ, ಅದರ ಮೇಲೆ ಸೈಕಲ್ ಓಡಿಸಬಾರದು, ಇಳಿದು ತಳ್ಳಿಕೊಂಡು ಹೋಗಬೇಕು. ಡಿಸೆಂಬರಿನಲ್ಲಿ ನಾವು ಹೋದಾಗ ಕಾಲುವೆಗೆ ನೀರು ಬಿಟ್ಟಿರಲಿಲ್ಲವಾಗಿ ಮರಳುವ ದಾರಿ ಸಪ್ಪೆಯೆನಿಸಿತು. ಬೇಸಿಗೆ ಬೆಳೆಗೆ ನೀರು ಬಂದು ನಾಟಿ ನಡೆಯುವ ಹೊತ್ತಿನಲ್ಲಿ, ಫೆಬ್ರವರಿಯ ಮೊದಲ ವಾರಗಳಲ್ಲಿ, ಅದೇ ದಾರಿಯ ಎರಡೂ ಬದಿಗೆ ಕೊಕ್ಕರೆಗಳು ಕೆಸರುಗದ್ದೆಯಲ್ಲಿ ಸಾಲಾಗಿ ನಿಂತಿದ್ದವು.

ಮೊದಲ ಬಾರಿಗೆ ಹೊರಡುವವರಿಗೆ, ಮಕ್ಕಳನ್ನೋ ಹಿರಿಯರನ್ನೋ ಜೊತೆಗೆ ಕರೆದೊಯ್ಯುವವರಿಗೆ ನಾನು ಹರಿಹರವನ್ನೇ ಹೇಳುತ್ತೇನೆ. ನಲವತ್ತು ಕಿಲೋಮೀಟರ್ ತುಳಿಯಬಲ್ಲವರು ಮಳೆಗಾಲ ಮುಗಿದೊಡನೆ, ಎರಡು ಹೆಚ್ಚುವರಿ ಟ್ಯೂಬುಗಳನ್ನು ಇಟ್ಟುಕೊಂಡು, ಡಾಂಬರು ರಸ್ತೆ ಬಿಡದೆ ಮಾರಿಕಣಿವೆಗೆ ಹೋಗಲಿ. ಅಕ್ಕ ಮಾತ್ರ ಮೂರನೆಯ ಸಲ ಹರಿಹರದಿಂದ ಮರಳುವಾಗ, “ಮುಂದಿನ ಸಲ ತೂಬಿನ ಹತ್ತಿರದ ಆ ಯಜಮಾನರಿಗೆ ನೀರು ಬಂತೋ ಇಲ್ಲವೋ ಕೇಳಿಕೊಂಡು ಬರೋಣ” ಎಂದು ಹೇಳಿ ದಿನವನ್ನೂ ಗೊತ್ತುಮಾಡಿದಳು.