ಎರೆಹುಳು ಬ್ಯಾಗ್, ನಾಲ್ಕು ವರ್ಷದ ನಂತರ: ಹುಳುಗಳಿಗೆ ಐದು ಸ್ಟಾರ್, ಬ್ಯಾಗಿಗೆ ಎರಡು

ಎರೆಹುಳು ಬ್ಯಾಗ್ ಅಂದರೆ ಹುಳು ಬಿಟ್ಟು ಸಗಣಿ, ಕಸವನ್ನು ಗೊಬ್ಬರ ಮಾಡುವ ದೊಡ್ಡ ಪ್ಲಾಸ್ಟಿಕ್ ಚೀಲ. ಮೊದಲು ಅದರ ಹೊಲಿಗೆ ವಿಷಯ ಹೇಳಿಬಿಡುತ್ತೇನೆ, ಇಲ್ಲಾಂದ್ರೆ ಸಮಾಧಾನ ಆಗಲ್ಲ. ಐದು ವರ್ಷ ಬಾಳಿಕೆ ಬರುತ್ತೆ ಅಂತ ಬರೆದುಕೊಂಡಿದ್ದ ಬ್ಯಾಗು ಮೂರನೇ ಬೇಸಿಗೆಗೇ ಮೂಲೆಯಲ್ಲಿ ಬಾಯಿ ಬಿಟ್ಟಿತು. ಪಡುವಣ ಬಿಸಿಲು ಬೀಳುವ ಬದಿಯಂತೂ ಉಗುರು ತಾಗಿಸಿದರೆ ನಾರು ನಾರಾಗಿ ಉದುರುತ್ತಿತ್ತು. ಮಾರಿದವರಿಗೆ ಫೋನ್ ಮಾಡಿದೆ. "ಬಿಸಿಲಲ್ಲಿ ಇಟ್ಟಿದ್ರಾ ಸರ್?" ಎಂದು ಕೇಳಿದರು. ತೋಟಕ್ಕೆ ಅಂತ ಮಾರಿದ ವಸ್ತುವನ್ನು ನಾನು ಬೀರುವಿನಲ್ಲಿ ಇಡಬೇಕಿತ್ತಾ?

ನನ್ನದು 12 ಅಡಿ ಉದ್ದದ್ದು. ಬ್ಯಾಗಿಗೆ 2,600, ಎರಡು ಕೆಜಿ ಹುಳುವಿಗೆ 800 ಕೊಟ್ಟಿದ್ದೆ. ನಮ್ಮದು ತಿಪಟೂರು ಸೀಮೆ. ಎರಡು ಎಕರೆ ಕೆಂಪು ಮಣ್ಣು, ತೆಂಗು, ಒಂದಿಷ್ಟು ರಾಗಿ, ಹತ್ತು ಗುಂಟೆ ತರಕಾರಿ, ಎರಡು ಹಸು. ದೊಡ್ಡ ರೈತರು ಈ ವಿಮರ್ಶೆ ಓದಿ ಪ್ರಯೋಜನವಿಲ್ಲ.

ಮೊದಲ ಸಲ ಎಲ್ಲ ಹುಳು ಸತ್ತವು. ಅದರಲ್ಲಿ ತಪ್ಪು ನನ್ನದೇ. ಹಸಿ ಸಗಣಿ ತುಂಬಿ ಮಾರನೇ ದಿನವೇ ಹುಳು ಬಿಟ್ಟಿದ್ದೆ. ಸಗಣಿ ಕೊಳೆಯುವಾಗ ಒಳಗೆ ಕಾವು ಏಳುತ್ತೆ. ಅದು ಆರಲು ಹದಿನೈದು ಇಪ್ಪತ್ತು ದಿನ ಬೇಕು. ಇನ್ನೊಂದು, ನೀರು ಬಸಿಯುವ ಬಲೆ ಇರುವುದು ಒಂದೇ ಮೂಲೆಯಲ್ಲಿ. ಆ ಕಡೆಗೆ ನೆಲ ನಾಲ್ಕು ಬೆರಳಾದರೂ ಇಳಿಜಾರು ಇರಬೇಕು. ಇದನ್ನು ಬ್ಯಾಗಿನ ಜೊತೆ ಬಂದ ಚೀಟಿಯಲ್ಲಿ ಒಂದು ಸಾಲು ಬರೆದಿದ್ದರೆ ನನ್ನ 800 ಉಳಿಯುತ್ತಿತ್ತು.

ಆಮೇಲೆ ಅಭ್ಯಾಸವಾಯಿತು. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ ಬಂದ ಮೇಲೆ ನೇರ ಬ್ಯಾಗಿನ ಹತ್ತಿರ ಹೋಗುತ್ತೇನೆ. ಮೇಲಿನ ಗೋಣಿಚೀಲ ಸರಿಸಿ, ಒಳಗೆ ಕೈ ಹಾಕಿ ಒಂದು ಹಿಡಿ ಹಿಂಡುತ್ತೇನೆ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿದರೆ ಹದ ಸರಿ. ನೀರು ಸುರಿದರೆ ಆ ದಿನ ನೀರಿಲ್ಲ. ಮುದ್ದೆ ಕಟ್ಟದೆ ಉದುರಿದರೆ ಎರಡು ಬಿಂದಿಗೆ. ಮಳೆಗಾಲದಲ್ಲಿ ಗೋಣಿ ಎತ್ತಿದ ಕೂಡಲೇ ಬರುವ ವಾಸನೆ ಇದೆಯಲ್ಲ, ಮೊದಲ ಮಳೆ ಬಿದ್ದ ಹೊಲದ್ದೇ. ಗೊಬ್ಬರ ತೆಗೆಯುವ ನಾಲ್ಕು ದಿನ ಮೊದಲು ನೀರು ನಿಲ್ಲಿಸಿ, ಮೇಲಿನದನ್ನೆಲ್ಲ ಗುಡ್ಡೆ ಮಾಡುತ್ತೇನೆ. ಬೆಳಕಿಗೆ ಹೆದರಿ ಹುಳುಗಳು ತಳಕ್ಕೆ ಇಳಿಯುತ್ತವೆ. ಮೇಲಿಂದ ಟೀಪುಡಿಯಂಥ ಗೊಬ್ಬರ ಬಾಚಿಕೊಳ್ಳಬಹುದು. ನನ್ನ ಮಗಳಿಗೆ ಇದು ರಜೆಯ ಆಟ.

ಇಲ್ಲಿಯವರೆಗೂ ಖುಷಿ. ಈಗ ಲೆಕ್ಕ.

ಒಂದು ಸಲಕ್ಕೆ ನನಗೆ ಸುಮಾರು 600 ಕೆಜಿ ಸಿಗುತ್ತೆ. ವರ್ಷಕ್ಕೆ ಮೂರು ಸಲ, ಕಡು ಬೇಸಿಗೆಯಲ್ಲಿ ಇಲ್ಲ. ಇದರಲ್ಲಿ ಸಾರಜನಕ ನೂರಕ್ಕೆ ಒಂದೂವರೆ ಅಂತ ಹಿಡಿದರೂ 600 ಕೆಜಿಗೆ 9 ಕೆಜಿ. 45 ಕೆಜಿಯ ಒಂದು ಚೀಲ ಯೂರಿಯಾದಲ್ಲಿ 20 ಕೆಜಿಗಿಂತ ಜಾಸ್ತಿ ಇದೆ, ಬೆಲೆ 266 ರೂಪಾಯಿ ಚಿಲ್ಲರೆ. ಬರೀ ಸಾರಜನಕ ತೂಗಿದರೆ ನನ್ನ ಹುಳುಗಳು ಮೂರು ತಿಂಗಳು ದುಡಿದು ಯೂರಿಯಾದ ಮುಂದೆ ಸೋಲುತ್ತವೆ. ನನ್ನ ಕೂಲಿ ಸೇರಿಸಿದರಂತೂ ಮುಗಿಯಿತು. "ಖರ್ಚೇ ಇಲ್ಲ, ಬರೀ ಲಾಭ" ಅಂತ ವಿಡಿಯೋ ಮಾಡುವವರು ಈ ಗುಣಾಕಾರ ಯಾಕೆ ಮಾಡಲ್ಲ?

ಸಗಣಿಯಂತೂ ಮೊದಲೂ ತಿಪ್ಪೆಗೆ ಹೋಗುತ್ತಿತ್ತು, ಗೊಬ್ಬರವೂ ಆಗುತ್ತಿತ್ತು. ಬ್ಯಾಗು ಅದನ್ನು ಗಾಳಿಯಿಂದ ಹುಟ್ಟಿಸಲಿಲ್ಲ. ನಿಜವಾಗಿ ಹೊಸದಾಗಿ ಸೇರಿದ್ದು ತೆಂಗಿನ ಗರಿ, ಹಸು ಬಿಟ್ಟ ಹುಲ್ಲು, ಕಳೆ. ಮೊದಲು ಅವನ್ನು ಬದುವಿನ ಮೇಲೆ ಸುಡುತ್ತಿದ್ದೆ. ಈಗ ಸಣ್ಣಗೆ ಕತ್ತರಿಸಿ ತುಂಬುತ್ತೇನೆ. ಹಾಗಾಗಿ ವರ್ಷಕ್ಕೆ ಎರಡು ಲೋಡ್ ಕೊಳ್ಳುತ್ತಿದ್ದ ಕೊಟ್ಟಿಗೆ ಗೊಬ್ಬರ ಒಂದಕ್ಕೆ ಇಳಿಯಿತು. ಲೋಡಿಗೆ 5,000. ಕೈಯಲ್ಲಿ ಉಳಿದದ್ದು ಇದೇ.

ಮೊದಮೊದಲು ನಾನೂ ದುರಾಸೆಗೆ ಬಿದ್ದಿದ್ದೆ. 200 ಕೆಜಿ ಎರೆಗೊಬ್ಬರ ಕೆಜಿಗೆ ಹತ್ತರಂತೆ ಮಾರಿ 2,000 ಎಣಿಸಿಕೊಂಡೆ. ಆಮೇಲೆ ನನ್ನ ತೋಟಕ್ಕೆ ಬೇರೆಯವರ ತಿಪ್ಪೆಯಿಂದ ಲೋಡ್ ತರಿಸಿದೆ, ಕಳೆ ಬೀಜದ ಸಮೇತ! ಅದರ ಮುಂದಿನ ವರ್ಷ ಎರೆಗೊಬ್ಬರವನ್ನು ಎರಡು ಎಕರೆಗೂ ಎರಚಿದೆ. ಅದು ಉಪ್ಪಿಲ್ಲದ ಸಾರಿನ ಹಾಗಾಯಿತು, ಎಲ್ಲೂ ಗೊತ್ತೇ ಆಗಲಿಲ್ಲ.

ಮೂರನೇ ವರ್ಷದಿಂದ ಪೂರ್ತಿ ಆ ಹತ್ತು ಗುಂಟೆ ತರಕಾರಿಗೇ ಹಾಕುತ್ತಿದ್ದೇನೆ. ಹುರುಳಿಕಾಯಿ, ಬದನೆ ಬೇಗ ದುಡ್ಡು ಕೊಡುವ ಬೆಳೆ. ತೆಂಗಿನ ಬುಡಕ್ಕೆ ಮಟ್ಟೆ ಹೂಳುತ್ತೇನೆ, ನಡುವೆ ಹುರುಳಿ ಚೆಲ್ಲಿ, ಹೂ ಬಿಡುವಾಗ ಗಿಡವನ್ನೇ ಗೊಬ್ಬರವಾಗಲಿ ಅಂತ ಉತ್ತು ಮಣ್ಣಿಗೆ ಸೇರಿಸುತ್ತೇನೆ. ಅವಕ್ಕೆ ಅಷ್ಟು ಸಾಕು. ತರಕಾರಿಗೆ ಯೂರಿಯಾ ಪೂರ್ತಿ ಬಿಟ್ಟಿಲ್ಲ, ಅರ್ಧ ಮಾಡಿದ್ದೇನೆ. ಇಳುವರಿ ಕಡಿಮೆಯಾಗಿಲ್ಲ.

ನಾನು ಎಣಿಸದೇ ಇದ್ದದ್ದು ನೀರು. ಗೊಬ್ಬರ ತಿಂದ ಮಣ್ಣು ತೇವ ಹಿಡಿದಿಟ್ಟುಕೊಳ್ಳುತ್ತೆ. ಎರಡು ದಿನಕ್ಕೊಮ್ಮೆ ಹಾಯಿಸುತ್ತಿದ್ದ ಮಡಿಗೆ ಈಗ ಮೂರು ದಿನಕ್ಕೊಮ್ಮೆ ಸಾಕು. ಪಂಪ್‌ಸೆಟ್ಟಿಗೆ ಕರೆಂಟ್ ಫ್ರೀ, ಅದಕ್ಕೆ ಈ ಉಳಿತಾಯ ಯಾವ ಬಿಲ್ಲಿನಲ್ಲೂ ಕಾಣಲ್ಲ. ಆದರೆ ಪಂಪ್ ಓಡಿಸುವ ಮೂರು ಫೇಸ್ ಕರೆಂಟ್ ನಮ್ಮಲ್ಲಿ ಎಷ್ಟೋ ಸಲ ರಾತ್ರಿ ಬರುತ್ತೆ. ಟಾರ್ಚ್ ಹಿಡಿದು, ಹಾವಿಗೆ ಹೆದರಿ, ಮಡಿ ತಿರುಗಿಸುವವನಿಗೆ ಒಂದು ರಾತ್ರಿ ನಿದ್ದೆ ಸಿಕ್ಕರೆ ಅದಕ್ಕೆ ಎಷ್ಟು ರೇಟ್ ಹಾಕ್ತೀರಿ?

ಮಣ್ಣು ಪರೀಕ್ಷೆ ಕಾರ್ಡಿನಲ್ಲಿ 12 ಅಂಶ ಇರುತ್ತವೆ. ನಾನು ನೋಡುವುದು ಸಾವಯವ ಇಂಗಾಲ ಒಂದನ್ನೇ, ಅಂದರೆ ಕೊಳೆತ ಎಲೆ, ಸಗಣಿಯಿಂದ ಮಣ್ಣಿಗೆ ಸೇರುವ ಇಂಗಾಲ. ಶುರುವಿನಲ್ಲಿ ನೂರಕ್ಕೆ 0.38 ಇತ್ತು, ಈಗ 0.51. ಅರ್ಧಕ್ಕಿಂತ ಕೆಳಗಿದ್ದರೆ 'ಕಡಿಮೆ' ಅಂತ ಬರೆಯುತ್ತಾರೆ. ನಾಲ್ಕು ವರ್ಷ ತಿಪ್ಪರಲಾಗ ಹಾಕಿ 'ಮಧ್ಯಮ'ದ ಹೊಸ್ತಿಲು ದಾಟಿದ್ದೇನೆ, ಅದೂ ಹತ್ತು ಗುಂಟೆಯಲ್ಲಿ ಮಾತ್ರ. ನಿಧಾನ ಅನ್ನಿಸುತ್ತೆ. ಆದರೆ ಅಟ್ಟದ ಮೇಲೆ ಕಾಯಿ ಹಾಕಿ ಉಂಡೆ ಕೊಬ್ಬರಿ ಆಗಲಿ ಅಂತ ಹತ್ತು ತಿಂಗಳು ಕಾಯುವ ಊರಿನವರು ನಾವು, ಮಣ್ಣಿಗೆ ಮಾತ್ರ ಅವಸರ ಮಾಡ್ತೀವಿ.

ಇನ್ನೊಂದು ಬ್ಯಾಗ್ ಕೊಳ್ಳುತ್ತೀನಾ? ಬಾಡಿಗೆ ಜಮೀನಿನವರು, ಒಂದು ವರ್ಷ ಮಾಡಿ ನೋಡೋಣ ಅನ್ನುವವರು ಕೊಳ್ಳಬಹುದು. ಮಡಚಿ ಎತ್ತಿಕೊಂಡು ಹೋಗಬಹುದು, ಅದೊಂದು ಅನುಕೂಲ. ಬಿಸಿಲು ಬೀಳದ ಹಾಗೆ ಮೇಲೆ ಗರಿಯ ಚಪ್ಪರ ಹಾಕಿ. ನಾನಂತೂ ಹೋದ ತಿಂಗಳು ಹಳೇ ಕೊಟ್ಟಿಗೆಯ ಇಟ್ಟಿಗೆಯಲ್ಲೇ ತೊಟ್ಟಿ ಕಟ್ಟಿಸಿದೆ, ಮೇಸ್ತ್ರಿ ಕೂಲಿ ಮಾತ್ರ ಖರ್ಚು. ಹುಳುಗಳನ್ನು ಬುಟ್ಟಿಯಲ್ಲಿ ಹೊತ್ತು ಸಾಗಿಸಿದ್ದಾಯಿತು. ಬ್ಯಾಗಿನ ಗಟ್ಟಿ ಇರುವ ಅರ್ಧ ಈಗ ರಾಗಿ ಮೆದೆಯ ಮೇಲಿದೆ. ಮಳೆ ನೀರು ಒಂದು ಹನಿಯೂ ಇಳಿದಿಲ್ಲ.