ಲಿನಕ್ಸ್‌ಗೆ ಒಗ್ಗುವ ಸ್ಕ್ಯಾನರ್: ಕ್ಯಾನೋಸ್ಕ್ಯಾನ್ ಲೈಡ್ 220ರ ದೀರ್ಘ ಬಳಕೆ

ಲಿನಕ್ಸ್‌ನ ಒಂದು ರೂಪವಾದ ಡೆಬಿಯನ್ ಇರುವ ನನ್ನ ಗಣಕಕ್ಕೆ ಈ ಸ್ಕ್ಯಾನರನ್ನು ಜೋಡಿಸಿದಾಗ ಯಾವ ಚಾಲಕ ತಂತ್ರಾಂಶವನ್ನೂ (ಡ್ರೈವರ್) ಇಳಿಸಿಕೊಳ್ಳಬೇಕಾಗಲಿಲ್ಲ. ಸ್ಕ್ಯಾನ್ ಮಾಡುವ ತಂತ್ರಾಂಶ ‘ಸಿಂಪಲ್ ಸ್ಕ್ಯಾನ್’ ತೆರೆದೊಡನೆ ಯಂತ್ರದ ಹೆಸರು ಕಾಣಿಸಿಕೊಂಡಿತು. ವಿದ್ಯುತ್ತಿಗೂ ಬೇರೆ ತಂತಿಯಿಲ್ಲ, ಯುಎಸ್‌ಬಿಯೇ ಸಾಕು. ಇದಕ್ಕೂ ಮೊದಲು ಮನೆಯಲ್ಲಿದ್ದ ಬೇರೊಂದು ಕಂಪನಿಯ ಯಂತ್ರವು ಮೂಲಸಂಕೇತ (ಸೋರ್ಸ್ ಕೋಡ್) ಬಿಚ್ಚಿಡದ ಚಾಲಕವನ್ನೇ ನೆಚ್ಚಿಕೊಂಡಿತ್ತು. ವ್ಯವಸ್ಥೆಯ ಹೊಸ ಆವೃತ್ತಿ ಬಂದಾಗ ಆ ಚಾಲಕವನ್ನು ಯಾರೂ ಪರಿಷ್ಕರಿಸದ ಕಾರಣ, ಗಾಜು, ದೀಪ, ಮೋಟಾರು ಎಲ್ಲವೂ ಸರಿಯಿದ್ದೂ ಯಂತ್ರ ಮೂಲೆ ಸೇರಿತು. ಸುಸ್ಥಿತಿಯ ಯಂತ್ರವೊಂದು ಹೀಗೆ ಕಸವಾಗುವುದು ನನಗೆ ಇಂದಿಗೂ ಸಹಿಸದ ಸಂಗತಿ.

ಆದ್ದರಿಂದ ಪೆಟ್ಟಿಗೆಯ ಮೇಲಿನ ಮಾತಿಗಿಂತ ಲಿನಕ್ಸ್‌ಗೆ ಸ್ಕ್ಯಾನರ್ ಚಾಲಕಗಳನ್ನು ಒದಗಿಸುವ ಸೇನ್ ಯೋಜನೆಯ ಪಟ್ಟಿಯನ್ನು ನಂಬುತ್ತೇನೆ. ಅಲ್ಲಿ ಪ್ರತಿ ಮಾದರಿಗೂ ಬೆಂಬಲ ಸಂಪೂರ್ಣವೋ, ಉತ್ತಮವೋ, ಕನಿಷ್ಠವೋ ಎಂದು ನಮೂದಾಗಿರುತ್ತದೆ. ಮಾದರಿಯ ಸಂಖ್ಯೆಯನ್ನು ಅಕ್ಷರಶಃ ಹೋಲಿಸಬೇಕು: ಲೈಡ್ 220 ಜೆನೆಸಿಸ್ ಚಾಲಕದಿಂದ ನಡೆಯುತ್ತದೆ, ಅದೇ ಸರಣಿಯ 300 ಮತ್ತು 400 ಪಿಕ್ಸ್ಮಾ ಚಾಲಕವನ್ನು ಬೇಡುತ್ತವೆ.

ಭಾನುವಾರ ಬೆಳಿಗ್ಗೆ ಗಾಜನ್ನು ಒಣ ಹತ್ತಿಬಟ್ಟೆಯಿಂದ ಒರೆಸಿ, ಹಳೆಯ ಪಹಣಿ, ಕಂದಾಯ ರಸೀದಿ, ಕ್ರಯಪತ್ರಗಳ ಮಡಿಕೆ ಬಿಡಿಸಿ, ಒಂದೊಂದಾಗಿ 300 ಡಿಪಿಐಯಲ್ಲಿ ಬೂದುಬಣ್ಣದ ಚಿತ್ರವಾಗಿಸುತ್ತೇನೆ. ಕಡತ ಸಿದ್ಧವಾದ ಮೇಲೆ ಓಸಿಆರ್‌ಮೈಪಿಡಿಎಫ್ ಎಂಬ ತಂತ್ರಾಂಶಕ್ಕೆ ಒಪ್ಪಿಸಿದರೆ, ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸುವ ಟೆಸರಾಕ್ಟ್‌ನ ಕನ್ನಡ ದತ್ತಾಂಶದ ನೆರವಿನಿಂದ ಅದು ಪುಟದ ಹಿಂದೆ ಹುಡುಕಬಹುದಾದ ಅಕ್ಷರಗಳ ಪದರವೊಂದನ್ನು ಸೇರಿಸುತ್ತದೆ. ಒತ್ತಕ್ಷರಗಳಲ್ಲಿ ತಪ್ಪುಗಳು ಉಳಿಯುತ್ತವೆ, ಕೈಬರಹವಂತೂ ದಕ್ಕುವುದಿಲ್ಲ. ಆದರೂ ಅಚ್ಚಾದ ಕಾಗದಗಳ ರಾಶಿಯಲ್ಲಿ ಊರಿನ ಹೆಸರನ್ನು ಕನ್ನಡದಲ್ಲೇ ಟೈಪಿಸಿದಾಗ ಬೇಕಾದ ಪುಟ ತೆರೆದುಕೊಳ್ಳುವ ಸಂತೋಷವನ್ನು ಕೊಳ್ಳುವಾಗ ನಾನು ನಿರೀಕ್ಷಿಸಿರಲಿಲ್ಲ.

ಮಿತಿಗಳನ್ನೂ ಹೇಳಬೇಕು. ಇದರಲ್ಲಿರುವ ಸಿಐಎಸ್ ಸಂವೇದಕ ಗಾಜಿಗೆ ಅಂಟಿದ್ದನ್ನು ಮಾತ್ರ ಸ್ಪಷ್ಟವಾಗಿ ಹಿಡಿಯುವುದರಿಂದ, ದಪ್ಪ ಪುಸ್ತಕದ ನಡುಮಡಿಕೆಯ ಸಾಲುಗಳು ಮಸುಕಾಗುತ್ತವೆ. ಮುಂಭಾಗದ ಗುಂಡಿಗಳಿಗೆ ಲಿನಕ್ಸ್‌ನಲ್ಲಿ ಕೆಲಸ ಕೊಡಲು ಸ್ಕ್ಯಾನ್‌ಬಿಡಿಯಂಥ ಸೇವೆಯನ್ನು ಹೊಂದಿಸಿಕೊಳ್ಳಬೇಕು; ನಾನು ಆ ಗೋಜಿಗೆ ಹೋಗಿಲ್ಲ.

ದಿನವೂ ಕಟ್ಟುಕಟ್ಟು ಕಾಗದ ಸ್ಕ್ಯಾನ್ ಮಾಡುವವರಿಗೆ ಇದನ್ನು ಸೂಚಿಸಲಾರೆ. ಅವರ ಬಜೆಟ್ ಒಪ್ಪುವುದಾದರೆ, ಕಾಗದವನ್ನು ತಾನೇ ಎಳೆದುಕೊಳ್ಳುವ, ಇಎಸ್‌ಸಿಎಲ್ (ಗಣಕ ಮತ್ತು ಸ್ಕ್ಯಾನರ್ ಮಾತಾಡಿಕೊಳ್ಳುವ ಒಂದು ಸಾಮಾನ್ಯ ಕ್ರಮ) ಬಲ್ಲ ಯಂತ್ರವನ್ನು ಹುಡುಕುವುದು ಒಳಿತು. ಡೆಬಿಯನ್ 11ರಿಂದೀಚೆಗೆ ಅಂಥವನ್ನು ತಯಾರಕರ ಚಾಲಕವಿಲ್ಲದೆಯೇ ಬಳಸಬಹುದು.